ಕುಂಬಾರಿಕೆ ಕಲಿತ ಕ್ಯುರೇಟರ್

ಮ್ಯೂಸಿಯಂನಲ್ಲಿ ಹಳೆಯ ಮಡಕೆಯ ಪಕ್ಕ ‘ಇದು ಇಂಥ ಕಾಲದ್ದು’ ಎಂಬ ಚೀಟಿ ಇರುತ್ತದಲ್ಲ, ಹಾಗೆಂದು ನಿರ್ಧರಿಸುವವರು ಯಾರು? ಕ್ಯುರೇಟರ್. ವಸ್ತುಗಳನ್ನು ಪರೀಕ್ಷಿಸಿ, ಜೋಪಾನ ಮಾಡುವುದು ಅವರ ಕೆಲಸ.

1882ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗಿಸೆಲಾ ರಿಕ್ಟರ್, 1905ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿದರು. ಅಲ್ಲಿದ್ದ ಗ್ರೀಕ್ ಮಡಕೆಗಳನ್ನು ಹೇಗೆ ಮಾಡಿದ್ದರೆಂದು ತಿಳಿಯಲು ಸ್ವತಃ ಕುಂಬಾರಿಕೆ ಕಲಿತರು! 1923ರಲ್ಲಿ ಅಥೆನ್ಸಿನ ಕುಂಬಾರರ ಕಸುಬಿನ ಬಗ್ಗೆ, 1926ರಲ್ಲಿ ಪ್ರಾಚೀನರ ಕುರ್ಚಿ, ಮಂಚ, ಮೇಜುಗಳ ಬಗ್ಗೆ ಪುಸ್ತಕ ಬರೆದರು. ಈ ನಡುವೆ 1925ರಲ್ಲಿ ಆ ಮ್ಯೂಸಿಯಂನ ಮೊದಲ ಮಹಿಳಾ ಕ್ಯುರೇಟರ್ ಆದರು.

ಇಷ್ಟು ಬಲ್ಲವರೂ ಒಮ್ಮೆ ಮೋಸಹೋದರು. ಮ್ಯೂಸಿಯಂ ಕೊಂಡಿದ್ದ ಭಾರಿ ಮಣ್ಣಿನ ಯೋಧರ ಪ್ರತಿಮೆಗಳು ಇಟಲಿಯ ಪ್ರಾಚೀನ ಎಟ್ರುಸ್ಕನ್ ಜನರದ್ದೆಂದು ನಂಬಿ, 1937ರಲ್ಲಿ ಹಾಗೆಯೇ ಬರೆದರು. ಕೆಲವರಿಗೆ ಅನುಮಾನವಿತ್ತು. ಕೊನೆಗೆ ಪ್ರತಿಮೆಗಳ ಕಪ್ಪು ಲೇಪವನ್ನು ಪರೀಕ್ಷಿಸಿದಾಗ ಮ್ಯಾಂಗನೀಸ್ ಸಿಕ್ಕಿತು. ಎಟ್ರುಸ್ಕನ್ ಜನರು ಕಪ್ಪು ಬಣ್ಣಕ್ಕೆ ಅದನ್ನು ಬಳಸುತ್ತಿರಲಿಲ್ಲ. ಕಬ್ಬಿಣದ ಅಂಶವಿರುವ ಮಣ್ಣು ಬಳಿದು, ಗೂಡಿನ ಬೆಂಕಿ ಹೊಗೆಗಳಿಂದಲೇ ಕಪ್ಪು ಬರಿಸುತ್ತಿದ್ದರು.

1961ರಲ್ಲಿ ಇಟಲಿಯ ಆಲ್ಫ್ರೆಡೊ ಫಿಯೊರವಾಂಟಿ ಗುಟ್ಟು ಬಿಚ್ಚಿಟ್ಟರು: ಪ್ರತಿಮೆ ಮಾಡಿದವರಲ್ಲಿ ತಾನೂ ಒಬ್ಬ! ಸಾಕ್ಷಿಗೆ ಮಣ್ಣಿನ ಹೆಬ್ಬೆರಳೊಂದನ್ನು ತೆಗೆದಿಟ್ಟುಕೊಂಡಿದ್ದರು. ಬೆರಳಿಲ್ಲದ ಯೋಧನ ಕೈಗೆ ಅದು ಸರಿಯಾಗಿ ಕೂತಿತು.

ಗಿಸೆಲಾ 1948ರಲ್ಲೇ ನಿವೃತ್ತರಾಗಿದ್ದರು. ಒಂದು ತೀರ್ಮಾನ ತಪ್ಪಿದರೂ ಅವರ ದಾರಿ ತಪ್ಪಿರಲಿಲ್ಲ. ‘ಇದನ್ನು ಹೇಗೆ ಮಾಡಿದರು?’ ಎಂದು ಅವರು ಮಡಕೆಗಳಿಗೆ ಕೇಳಿದ ಪ್ರಶ್ನೆಯೇ ಯೋಧರ ಬಣ್ಣವನ್ನೂ ಬಯಲು ಮಾಡಿತು.