ಟಾಂಗಾ ನಿಲ್ದಾಣದ ಹಿರಿಯ

ಉತ್ತರ ಕನ್ನಡವೆಂದೊಡನೆ ಕಡಲು, ಘಟ್ಟ, ಅಡಿಕೆ ತೋಟಗಳು ನೆನಪಿಗೆ ಬರುತ್ತವೆ. ಆದರೆ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಹಳಿಯಾಳ, ಮುಂಡಗೋಡಗಳ ವ್ಯವಹಾರವೆಲ್ಲ ಮೊದಲಿನಿಂದಲೂ ಧಾರವಾಡ, ಹುಬ್ಬಳ್ಳಿಗಳ ಕಡೆಗೇ. ಜೋಯಿಡಾದ ಕಾಡುದಾರಿಗಳು ಎತ್ತಿನ ಗಾಡಿಗೆ ಮತ್ತು ಕಾಲ್ನಡಿಗೆಗೆ ಮೀಸಲಾಗಿದ್ದವು. ಕಾಡು ತೆಳುವಾಗಿ ಬಯಲು ತೊಡಗುವ ಪೇಟೆಗಳಲ್ಲಿ ಮಾತ್ರ ಕುದುರೆ ಗಾಡಿ ಓಡಿತು. ಹಳೆಯ ಮೈಸೂರು ಸೀಮೆಯಲ್ಲಿ ಜಟಕಾ ಎನಿಸಿಕೊಂಡದ್ದು ಇಲ್ಲಿ ಟಾಂಗಾ. ಸಂತೆಗೆ ಬಂದವರ ಗಂಟು, ಆಸ್ಪತ್ರೆಗೆ ಹೊರಟ ಬಾಣಂತಿ, ವರ್ಗವಾಗಿ ಬಂದ ಗುಮಾಸ್ತನ ಟ್ರಂಕು, ಎಲ್ಲವೂ ಅದರಲ್ಲಿಯೇ ಸಾಗುತ್ತಿದ್ದವು.

ಆ ಟಾಂಗಾ ಹೊಡೆಯುತ್ತಿದ್ದವರ ಪೈಕಿ ಒಬ್ಬ ಹಿರಿಯರನ್ನು ನೆನೆಯುವುದು ಈ ಲೇಖನದ ಉದ್ದೇಶ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಹಳಿಯಾಳದಲ್ಲಿ ಸರ್ಕಾರಿ ಕೆಲಸದಲ್ಲಿದ್ದಾಗ ಅವರಿಗೆ ಎಪ್ಪತ್ತು ಸಮೀಪಿಸಿತ್ತು. ಊರಿಗೆಲ್ಲ ಅವರು ‘ಚಾಚಾ’. ಮನೆಯವರನ್ನು ಕೇಳದೆ ಹೆಸರು ಬರೆಯುವುದು ಉಚಿತವಲ್ಲವಾದ್ದರಿಂದ ಇಲ್ಲಿಯೂ ಅವರು ಚಾಚಾ ಆಗಿಯೇ ಉಳಿಯಲಿ. ಅವರು ಓದಿದವರಲ್ಲ. ದಖನಿ, ಕನ್ನಡ, ಮರಾಠಿ, ಕೊಂಕಣಿ ನಾಲ್ಕನ್ನೂ ಗಿರಾಕಿಗೆ ತಕ್ಕಂತೆ ಮಾತನಾಡುತ್ತಿದ್ದರು.

ಟಾಂಗಾ ಹೊಡೆಯುವುದು ಸುಲಭದ ಕೆಲಸವೆಂದು ಭಾವಿಸುವವರು ಅದರ ತೂಕದ ಲೆಕ್ಕವನ್ನು ಗಮನಿಸಿರುವುದಿಲ್ಲ. ಎರಡೇ ಗಾಲಿಯ ಗಾಡಿಯಲ್ಲಿ ಭಾರ ಮುಂದೆ ಹೆಚ್ಚಾದರೆ ಅದು ಕುದುರೆಯ ಬೆನ್ನಿನ ಮೇಲೆ ಕೂರುತ್ತದೆ. ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ಹೊಟ್ಟೆಯ ಪಟ್ಟಿ ಬಿಗಿಯುತ್ತದೆ. “ಸಾಹೇಬ್ರ, ಸ್ವಲ್ಪ ಮುಂದ ಸರೀರಿ, ಕುದರಿ ಹೊಟ್ಟಿ ಬಿಗೀತೈತಿ” ಎಂದು ಚಾಚಾ ಹೇಳಿದರೆ ಅಧಿಕಾರಿಯೂ ಸರಿಯಬೇಕಾಗಿತ್ತು. ಲಾಳ ಸವೆದದ್ದನ್ನು ಅವರು ಕಣ್ಣಿಗಿಂತ ಮೊದಲು ಕಿವಿಯಿಂದ ತಿಳಿಯುತ್ತಿದ್ದರು. ಗೊರಸಿನ ಸದ್ದು ಒಂದಿಷ್ಟು ಬದಲಾದರೂ ಗಾಡಿ ನಿಲ್ಲಿಸಿ ಕಾಲೆತ್ತಿ ನೋಡುವರು. ಚಾವಟಿ ಅವರ ಕೈಯಲ್ಲಿರುತ್ತಿತ್ತು, ಅದರ ಸದ್ದು ಗಾಳಿಯಲ್ಲಿ ಮಾತ್ರ ಕೇಳುತ್ತಿತ್ತು.

ಆದರೆ ಅವರಿಗೆ ಸಂದ ಗೌರವ ಕೇವಲ ಈ ಕೌಶಲದಿಂದ ಬಂದದ್ದಲ್ಲ. ನಿಲ್ದಾಣದಲ್ಲಿ ಯಾರ ಗಾಡಿ ಮೊದಲು, ಯಾರದು ನಂತರ ಎಂಬ ‘ಪಾಳಿ’ಯನ್ನು ನಿರ್ಧರಿಸುತ್ತಿದ್ದವರು ಅವರು. ಪಾಳಿ ಮುರಿದವನು ಆ ದಿನ ಕೊನೆಗೆ ನಿಲ್ಲಬೇಕು. ಕುದುರೆ ಕಾಯಿಲೆ ಬಿದ್ದವನಿಗೆ ಉಳಿದವರು ಹುರುಳಿಯ ಖರ್ಚಿಗೆ ಕೈಗೂಡಿಸಬೇಕು. ರಾತ್ರಿ ಹೆರಿಗೆಗೆ ಕರೆ ಬಂದರೆ ಬಾಡಿಗೆಯ ಮಾತು ಬೆಳಿಗ್ಗೆ. ಇದಾವುದಕ್ಕೂ ಲಿಖಿತ ನಿಯಮವಿರಲಿಲ್ಲ, ದಂಡ ವಸೂಲಿಗೆ ರಸೀದಿ ಪುಸ್ತಕವಿರಲಿಲ್ಲ. ಅವರ ತೀರ್ಪನ್ನು ಮೇಲ್ಮನವಿಯಿಲ್ಲದೆ ಒಪ್ಪುತ್ತಿದ್ದರು, ಏಕೆಂದರೆ ತನ್ನ ಪಾಳಿಯನ್ನು ಅವರು ಎಂದೂ ಮುಂದಕ್ಕೆ ಹಾಕಿಕೊಂಡವರಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದರ ಬೆಲೆಯನ್ನು ಅರಿತದ್ದು ಬಹಳ ತಡವಾಗಿ. ಹಂಚಿಕೊಂಡು ಬಳಸುವ ಸಂಪನ್ಮೂಲವನ್ನು ಸರ್ಕಾರವಾಗಲಿ ಖಾಸಗಿ ಒಡೆಯನಾಗಲಿ ಇಲ್ಲದೆಯೇ ಬಳಕೆದಾರರು ತಾವೇ ರೂಪಿಸಿದ ನಿಯಮಗಳಿಂದ ಕಾಯಬಲ್ಲರೆಂದು ಎಲಿನಾರ್ ಆಸ್ಟ್ರಂ ತಮ್ಮ 1990ರ ಗ್ರಂಥದಲ್ಲಿ ತೋರಿಸಿದರು. ಮೀನುಗಾರಿಕೆ, ನೀರಾವರಿ ಕಾಲುವೆ, ಹುಲ್ಲುಗಾವಲುಗಳು ಅವರ ಉದಾಹರಣೆಗಳು. ಆ ಅಧ್ಯಯನಕ್ಕೆ 2009ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಟಾಂಗಾ ನಿಲ್ದಾಣವೂ ಅಂಥದೇ ಒಂದು ಸಮುದಾಯದ ಆಸ್ತಿ. ಸಂಬಳವಿಲ್ಲದೆ, ಹುದ್ದೆಯಿಲ್ಲದೆ ಅದನ್ನು ನಡೆಸಿದವರು ಚಾಚಾ.

ಸರ್ಕಾರದ ಕಡತದಲ್ಲಿ ಈ ವೃತ್ತಿಗೆ ಇದ್ದ ಸ್ಥಾನವಾದರೂ ಎಂಥದು? ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರಲ್ಲಿ ಬಂತು. ಅದರಡಿ 1965ರಲ್ಲಿ ರೂಪುಗೊಂಡ ನಿಯಮಗಳ ಪ್ರಕಾರ ಗಾಡಿಯಲ್ಲಿ ಚಾಲಕ ಮತ್ತು ಆರು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ನಾಲ್ವರಿಗಿಂತ ಹೆಚ್ಚು ಜನ ಕೂರುವಂತಿಲ್ಲ. ಪ್ರಾಣಿಯನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ, ವಿಶ್ರಾಂತಿಯಿಲ್ಲದೆ ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಹೂಡುವಂತಿಲ್ಲ. ಇವೆಲ್ಲ ಮಾನವೀಯವಾದ ನಿಯಮಗಳೇ. ಆದರೆ ಲಗಾಮಿನ ಈ ತುದಿಯಲ್ಲಿದ್ದವನ ವಿಶ್ರಾಂತಿ, ವೃದ್ಧಾಪ್ಯಗಳ ಬಗ್ಗೆ ಯೋಚಿಸಿದ ನಿಯಮವೊಂದು ಆ ಕಾಲದಲ್ಲಿ ನನ್ನ ಮೇಜಿಗೆ ಬರಲಿಲ್ಲ.

ಬಸ್ಸು ಹೆಚ್ಚಿದವು, ಆಟೊಗಳು ಬಂದವು, ಹುರುಳಿಯ ಬೆಲೆ ಏರಿತು, ಟಾಂಗಾಗಳು ಒಂದೊಂದಾಗಿ ಮರೆಯಾದವು. ಇದನ್ನು ಯಾರೂ ಆದೇಶಿಸಲಿಲ್ಲ, ಆದ್ದರಿಂದ ಯಾರೂ ಹೊಣೆ ಹೊರಲಿಲ್ಲ. ದಿಲೀಪ್ ಕುಮಾರ್ ಅಭಿನಯದ ‘ನಯಾ ದೌರ್’ 1957ರಲ್ಲಿ ಟಾಂಗಾ ಮತ್ತು ಬಸ್ಸಿನ ಪಂದ್ಯವನ್ನು ತೆರೆಯ ಮೇಲೆ ತೋರಿಸಿ ಟಾಂಗಾವನ್ನೇ ಗೆಲ್ಲಿಸಿತ್ತು. ನಿಜದ ರಸ್ತೆಯಲ್ಲಿ ಅಂಥ ಪಂದ್ಯವೇ ನಡೆಯಲಿಲ್ಲ.

ವಿಷಾದದ ಸಂಗತಿಯೆಂದರೆ, ಪುನರ್ವಸತಿ ಎಂಬ ಶಬ್ದ ಈ ತಾಲ್ಲೂಕುಗಳಿಗೆ ಹೊಸತಲ್ಲ. ಟಿಬೆಟಿನಿಂದ ಬಂದ ನಿರಾಶ್ರಿತರಿಗೆ 1966ರಲ್ಲಿ ಮುಂಡಗೋಡದಲ್ಲಿ ನೆಲೆ ದೊರೆಯಿತು. ಕಾಳಿ ನದಿಯ ಅಣೆಕಟ್ಟೆಯಲ್ಲಿ ಸೂಪಾ ಊರೇ ಮುಳುಗಿದಾಗ ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು, ನಿರಾಶ್ರಿತರಿಗೆ ರಾಮನಗರದಲ್ಲಿ ನಿವೇಶನ ತೋರಿಸಲಾಯಿತು. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಗದ ಕಂಪನಿಯ ಕಾರ್ಮಿಕರಿಗೆ ಭವಿಷ್ಯನಿಧಿಯಿತ್ತು, ಸಂಘವಿತ್ತು. ಈ ವ್ಯವಸ್ಥೆಗಳಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಆದರೂ ಭೂಮಿ ಹೋದರೆ, ಮನೆ ಮುಳುಗಿದರೆ, ಕಾರ್ಖಾನೆ ನಿಂತರೆ ಕೇಳಲು ಒಂದು ಕಚೇರಿಯಿತ್ತು. ಹೊಸ ವಾಹನ ಬಂದು ಹಳೆಯ ವೃತ್ತಿ ಸತ್ತರೆ ಅರ್ಜಿ ಕೊಡಲು ಅಂಥ ಕಚೇರಿಯೇ ಇರಲಿಲ್ಲ. ಭೂಸ್ವಾಧೀನದ 2013ರ ಕಾಯ್ದೆ ಜೀವನೋಪಾಯ ಕಳೆದುಕೊಂಡವರನ್ನೂ ಸಂತ್ರಸ್ತರೆಂದು ಒಪ್ಪಿತು ನಿಜ, ಆದರೆ ಭೂಮಿ ವಶವಾದ ಕಡೆ ಮಾತ್ರ.

ಮುಂಬೈಯ ಅನುಭವ ಇಲ್ಲಿ ಗಮನಾರ್ಹ. ಅಲ್ಲಿಯ ‘ವಿಕ್ಟೋರಿಯಾ’ ಗಾಡಿಗಳ ವಿಹಾರ ಸವಾರಿ ಕಾನೂನುಬಾಹಿರವೆಂದು 2015ರ ಜೂನ್‌ನಲ್ಲಿ ತೀರ್ಪಿತ್ತ ಬಾಂಬೆ ಹೈಕೋರ್ಟ್, ಅವನ್ನು ನಿಲ್ಲಿಸಲು ಒಂದು ವರ್ಷದ ಅವಧಿ ಕೊಟ್ಟಿತಲ್ಲದೆ, ಆ ಕುಟುಂಬಗಳ ಪುನರ್ವಸತಿಗೆ ಯೋಜನೆ ರೂಪಿಸಲು ಸರ್ಕಾರಕ್ಕೆ ಸೂಚಿಸಿತು. ಕುದುರೆಯ ಕಷ್ಟ ಮತ್ತು ಚಾಲಕನ ಅನ್ನ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟ ಕ್ರಮವಿದು. ಅದೇ ನಗರದಲ್ಲಿ 2021ರಲ್ಲಿ ಕುದುರೆಯಿಲ್ಲದ ವಿದ್ಯುತ್ ವಿಕ್ಟೋರಿಯಾಗಳು ರಸ್ತೆಗಿಳಿದವು. ನಮ್ಮ ಮೈಸೂರಿನಲ್ಲಿ ದಸರಾ ಸಮಯದ ಪಾರಂಪರಿಕ ಟಾಂಗಾ ಸವಾರಿಯಿಂದ ಗಾಡಿಗೆ ಗೌರವ ಸಿಕ್ಕಿದೆ. ಅದನ್ನು ಹೊಡೆಯುವವರಿಗೆ ಉಳಿದ ಹನ್ನೊಂದು ತಿಂಗಳ ಹುಲ್ಲು ಹುರುಳಿಯ ಚಿಂತೆ ತಪ್ಪಿಲ್ಲ.

ಟಾಂಗಾವನ್ನು ಮರಳಿ ತರಬೇಕೆಂದು ನಾನು ವಾದಿಸುತ್ತಿಲ್ಲ. ಡಾಂಬರಿನ ಮೇಲೆ, ಲಾರಿಗಳ ನಡುವೆ ಕುದುರೆ ಓಡಿಸುವುದು ಅದಕ್ಕೂ ಹಿತವಲ್ಲ, ಮನುಷ್ಯನಿಗೂ ಹಿತವಲ್ಲ. ಕೇಳುತ್ತಿರುವುದು ಎರಡೇ ಸಂಗತಿ. ಮೊದಲನೆಯದು ನೆನಪಿನ ದಾಖಲೆ. ಬಾಂಬೆ ಪ್ರೆಸಿಡೆನ್ಸಿಯ ಗ್ಯಾಸೆಟಿಯರ್ 1883ರ ಕೆನರಾ ಸಂಪುಟಗಳಲ್ಲಿ ಈ ಜಿಲ್ಲೆಯ ರಸ್ತೆ, ವ್ಯಾಪಾರ, ಕಸುಬುಗಳನ್ನು ಬರೆದಿಟ್ಟಿತು. ಅಂಥ ಶ್ರದ್ಧೆಯನ್ನು ನಾವೇಕೆ ತೋರಬಾರದು? ಮುಂಡಗೋಡಕ್ಕೆ ಸಮೀಪದ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಅದರ ವಿದ್ಯಾರ್ಥಿಗಳು ಇನ್ನೂ ಬದುಕಿರುವ ಟಾಂಗಾ ಚಾಲಕರನ್ನು, ಲಾಳ ಕಟ್ಟುತ್ತಿದ್ದ ನಾಲಬಂದರನ್ನು, ಗಾಲಿ ಮಾಡುತ್ತಿದ್ದ ಬಡಿಗರನ್ನು ಮಾತನಾಡಿಸಿ ಧ್ವನಿಮುದ್ರಿಸಿಕೊಳ್ಳಬೇಕು. ಆ ಪೀಳಿಗೆಯ ಬಹುತೇಕರಿಗೆ ಎಂಬತ್ತು ದಾಟಿದೆ, ಕಾಯಲು ಸಮಯವಿಲ್ಲ.

ಎರಡನೆಯದು ಇಂದಿನವರ ಚಿಂತೆ. ಚಾಚಾ ಅವರ ನಿಲ್ದಾಣಕ್ಕೆ ಉತ್ತರಾಧಿಕಾರಿಗಳಾಗಿ ಬಂದ ಆಟೊ ಚಾಲಕರೂ ಈಗ ವಿದ್ಯುತ್ ವಾಹನ, ಮೊಬೈಲ್ ಬಾಡಿಗೆಗಳ ಎದುರು ನಿಂತಿದ್ದಾರೆ. ಅಸಂಘಟಿತ ಕಾರ್ಮಿಕರ ನೋಂದಣಿಗೆ 2021ರಲ್ಲಿ ಇ-ಶ್ರಮ್ ಆರಂಭವಾದದ್ದು ಸ್ವಾಗತಾರ್ಹ. ಆದರೆ ಹೆಸರು ನೋಂದಾಯಿಸುವುದು ಮೊದಲ ಮೆಟ್ಟಿಲು ಮಾತ್ರ. ವಾಹನ ಬದಲಿಸಲು ಸಾಲ, ಬದಲಿಸಲಾಗದ ವಯಸ್ಸಿನವರಿಗೆ ಪಿಂಚಣಿ, ನಿಲ್ದಾಣದ ನಿಯಮಗಳನ್ನು ರೂಪಿಸುವಾಗ ಚಾಲಕರಿಗೇ ಒಂದು ಮಾತು, ಇವಿಷ್ಟನ್ನು ಪುರಸಭೆಗಳು ಮತ್ತು ಸಾರಿಗೆ ಇಲಾಖೆ ಮುಂಚಿತವಾಗಿಯೇ ಯೋಚಿಸಬೇಕು. ಚಾಚಾ ನಿಲ್ಲಿಸಿದ ಪಾಳಿಯಲ್ಲಿ ಕೊನೆಯ ಗಾಡಿಯವನಿಗೂ ತನ್ನ ಸರದಿ ಬರುತ್ತದೆಂಬ ಭರವಸೆಯಿತ್ತು. ಅಷ್ಟು ಭರವಸೆಯನ್ನು ಇಂದಿನ ಚಾಲಕನಿಗೆ ಕೊಡುವುದು ಆಡಳಿತಕ್ಕೆ ಅಸಾಧ್ಯವೇನಲ್ಲ.