ಕಾಪು ಕಡಲಿನ 40 ಗಂಟೆ: ರಕ್ಷಣೆಗೆ ತಗಲುವ ಲೆಕ್ಕ

2021ರ ಮೇ 15, ಶನಿವಾರ. ತೌಕ್ತೆ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಬಲ ಕೂಡಿಸಿಕೊಳ್ಳುತ್ತ ಉತ್ತರಕ್ಕೆ ಸಾಗುತ್ತಿತ್ತು. ಆ ಗಾಳಿಮಳೆಗೆ ಸಿಕ್ಕಿದ ಎರಡು ಟಗ್‌ಗಳು (ಹಡಗು ಎಳೆಯುವ ದೋಣಿಗಳು) ಉಡುಪಿ ಜಿಲ್ಲೆಯ ಕಡಲಲ್ಲಿ ಅಪಾಯಕ್ಕೆ ಒಳಗಾದವು. ಒಂದರ ಹೆಸರು ಅಲಯನ್ಸ್, ಅದರಲ್ಲಿದ್ದವರು 8 ಮಂದಿ. ಇನ್ನೊಂದು ಕೋರಮಂಡಲ್ ಸಪೋರ್ಟರ್ 9, ಅದರಲ್ಲಿದ್ದವರು 9 ಮಂದಿ. ಅಲಯನ್ಸ್ ಮಗುಚಿ ಪಡುಬಿದ್ರಿ ಕಡೆಯ ತೀರಕ್ಕೆ ಬಂದು ಬಿತ್ತು. ಅದರ 3 ಮಂದಿ ಜೀವಂತ ದಡ ಸೇರಿದರು, ಇಬ್ಬರ ಶವ ಸಿಕ್ಕಿತು, 3 ಮಂದಿ ಕಾಣೆಯಾದರು. ಕೋರಮಂಡಲ್ ಕಾಪು ಬಳಿಯ ಕಡಲಬಂಡೆಗಳ ನಡುವೆ ಸಿಕ್ಕಿಕೊಂಡು ಸುಮಾರು 40 ಗಂಟೆ ಅಲ್ಲೇ ಅಲೆಗಳ ಹೊಡೆತ ತಿಂದಿತು. 17ರ ಸೋಮವಾರ ನೌಕಾಪಡೆಯ ಹೆಲಿಕಾಪ್ಟರ್ ಹಗ್ಗ ಇಳಿಬಿಟ್ಟು 4 ಮಂದಿಯನ್ನು ಮೇಲೆತ್ತಿತು. ಉಳಿದ 5 ಮಂದಿ ತೆಪ್ಪಕ್ಕಿಳಿದು ಕೋಸ್ಟ್ ಗಾರ್ಡ್‌ನ ವರಾಹ ಹಡಗು ಸೇರಿದರು.

ಎರಡೂ ಟಗ್ ಸೇರಿ 17 ಮಂದಿ. ಜೀವಂತ ಮರಳಿದವರು 12.

ಆ ಮೂರು ದಿನ ಕರಾವಳಿಯಲ್ಲಿ ಎಲ್ಲರ ಬಾಯಲ್ಲೂ ಎರಡು ಪ್ರಶ್ನೆ. ಚಂಡಮಾರುತದ ಮುನ್ನೆಚ್ಚರಿಕೆ ಬಂದಿದ್ದರೂ ಟಗ್‌ಗಳು ಬಂದರಿನೊಳಗೆ ಬಾರದೆ ಕಡಲಲ್ಲಿ ಉಳಿದದ್ದೇಕೆ? ಕಣ್ಣೆದುರೇ 9 ಜೀವ ಕೂಗುತ್ತಿರುವಾಗ 40 ಗಂಟೆ ಬೇಕಾಯಿತೇಕೆ? ಮೊದಲ ಪ್ರಶ್ನೆ ನ್ಯಾಯವಾದದ್ದು. ಮೀನುಗಾರರಿಗೆ ಕಡಲಿಗಿಳಿಯಬೇಡಿ ಎಂಬ ಸೂಚನೆ ಮೊದಲೇ ಹೋಗಿತ್ತು. ಮೀನುಗಾರನಿಗೆ ಅನ್ವಯಿಸುವ ಎಚ್ಚರಿಕೆ ಟಗ್ಗಿನ ಕೆಲಸಗಾರನಿಗೂ ಅನ್ವಯಿಸಬೇಕಿತ್ತು. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವವರು ಮಾತ್ರ ನೀರಿನ ಬಲ ಎಷ್ಟೆಂಬ ಲೆಕ್ಕದಿಂದ ಶುರುಮಾಡಬೇಕು. ಚರ್ಚೆಯಲ್ಲಿ ಆ ಲೆಕ್ಕ ಬರಲೇ ಇಲ್ಲ.

ಹರಿಯುವ ನೀರಿನ ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಪ್ರವಾಹಕ್ಕೆ ಎದುರಾಗಿ ನಿಂತ ಮನುಷ್ಯನ ಮೈ ಅರ್ಧ ಚದರ ಮೀಟರ್ ಎಂದು ಹಿಡಿಯೋಣ. 2 ನಾಟ್, ಅಂದರೆ ಗಂಟೆಗೆ ಸುಮಾರು 3.7 ಕಿ.ಮೀ. ವೇಗದ ನೀರು ಅವನನ್ನು ಸುಮಾರು 27 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. 6 ನಾಟ್ ವೇಗಕ್ಕೆ ಅದು 240 ಕಿಲೋ ದಾಟುತ್ತದೆ. ಮೊದಲನೆಯದನ್ನು ಪಳಗಿದ ಮುಳುಗುಗಾರ ಹಗ್ಗ ಹಿಡಿದು ತಡೆದುಕೊಂಡಾನು. ಎರಡನೆಯದನ್ನು ಯಾವ ಮನುಷ್ಯನೂ ತಡೆಯಲಾರ.

ಈ ವ್ಯತ್ಯಾಸವನ್ನು ಇಡೀ ರಾಜ್ಯ 2024ರಲ್ಲಿ ಕಂಡಿತು. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಚಹಾದಂಗಡಿ, ನಿಂತಿದ್ದ ವಾಹನಗಳು, ಮನುಷ್ಯರು ಎಲ್ಲವನ್ನೂ ಗಂಗಾವಳಿ ನದಿಗೆ ನೂಕಿತು. ಜೀವ ಕಳೆದುಕೊಂಡವರು 11 ಮಂದಿ. ಕೋಯಿಕ್ಕೋಡಿನ ಲಾರಿ ಚಾಲಕನೊಬ್ಬನ ಹುಡುಕಾಟ ಎರಡು ರಾಜ್ಯಗಳ ನಡುವಿನ ವಾಗ್ವಾದವಾಗಿ ಬೆಳೆದು ಹೈಕೋರ್ಟಿನ ತನಕ ಹೋಯಿತು. ಸುರಕ್ಷಿತವಾಗಿ ಮುಳುಗಬೇಕಾದರೆ ನೀರಿನ ವೇಗ 2–3 ನಾಟ್‌ಗಿಂತ ಕೆಳಗಿರಬೇಕು ಎಂದು ನೌಕಾಪಡೆ ಹೇಳುತ್ತಿತ್ತು. ಮಳೆಯ ಆ ದಿನಗಳಲ್ಲಿ ಗಂಗಾವಳಿ 6 ನಾಟ್‌ನ ಆಸುಪಾಸಿನಲ್ಲಿ ಹರಿಯುತ್ತಿತ್ತು. ಉಡುಪಿಯ ಮುಳುಗು ತಜ್ಞ ಈಶ್ವರ ಮಲ್ಪೆ ಅದೇ ನೀರಿಗಿಳಿದರು. ಒಮ್ಮೆ ಸೊಂಟಕ್ಕೆ ಕಟ್ಟಿದ ಹಗ್ಗ ಕಡಿದು ದೂರ ಕೊಚ್ಚಿಹೋದರು. ಅವರನ್ನು ಮೇಲಕ್ಕೆ ತಂದದ್ದು ಜೊತೆಗಿದ್ದವರ ಎಚ್ಚರ. ಅಂಥ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಒಬ್ಬ ಮನುಷ್ಯನ ಧೈರ್ಯವನ್ನೇ ಒಂದು ಜಿಲ್ಲೆಯ ವ್ಯವಸ್ಥೆ ಎಂದು ಲೆಕ್ಕ ಹಿಡಿಯುವುದು ತಪ್ಪು.

ಜುಲೈ 28ಕ್ಕೆ ಹುಡುಕಾಟ ನಿಂತಿತು. ಆಗಸ್ಟಿನಲ್ಲಿ ಮತ್ತೆ ಶುರುವಾಯಿತು. ಕೊನೆಗೆ ಗೋವಾದಿಂದ ಹೂಳೆತ್ತುವ ಡ್ರೆಜರ್ ಬಂತು, ಅದಕ್ಕೆ ಅಂದಾಜಾದ ಖರ್ಚು ಒಂದು ಕೋಟಿ ರೂಪಾಯಿಗೆ ಸಮೀಪ. ಸೆಪ್ಟೆಂಬರ್ 25ರಂದು, ದುರಂತ ನಡೆದ 71 ದಿನಗಳ ಮೇಲೆ, ಸುಮಾರು 12 ಮೀಟರ್ ಆಳದಿಂದ ಲಾರಿಯೂ ಚಾಲಕನ ಶವವೂ ಮೇಲೆ ಬಂದವು. ರಾಜ್ಯ ಸರ್ಕಾರ ಪ್ರಕಟಿಸಿದ ಪರಿಹಾರ ಒಂದು ಸಾವಿಗೆ 5 ಲಕ್ಷ. 11 ಸಾವಿಗೆ ಗುಣಿಸಿದರೆ 55 ಲಕ್ಷ. ಒಂದು ಯಂತ್ರದ ಬಾಬ್ತೇ ಅದಕ್ಕಿಂತ ಹೆಚ್ಚು. ಹಾಗೆಂದು ಆ ಹಣ ವ್ಯರ್ಥವಾಯಿತು ಎಂದು ನಾನು ಒಪ್ಪುವುದಿಲ್ಲ. ಮನೆಯವನ ಶವ ಕೈಗೆ ಸಿಗದೆ ಉತ್ತರಕ್ರಿಯೆಯನ್ನೂ ಮಾಡಲಾಗದ ಕುಟುಂಬದ ಎದುರು ನಿಂತು ಖರ್ಚಿನ ಮಾತಾಡುವುದು ಮನುಷ್ಯತ್ವವಲ್ಲ. ನನ್ನ ತಕರಾರು ಬೇರೆ. ಈ ಹಣವೆಲ್ಲ ಖರ್ಚಾದದ್ದು ಜೀವ ಉಳಿಸುವ ಗಂಟೆಗಳು ಮುಗಿದ ಮೇಲೆ.

ಜೀವ ಉಳಿಸುವ ಗಂಟೆಗಳಿಗೆ ಎಷ್ಟು ಬೇಕು ಎಂಬುದಕ್ಕೆ ಜಗತ್ತಿನ ಮುಂದಿರುವ ದೊಡ್ಡ ಉದಾಹರಣೆ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆ. 2018ರ ಜೂನ್ 23ರಂದು ಫುಟ್‌ಬಾಲ್ ತಂಡದ 12 ಹುಡುಗರು ಮತ್ತು ಅವರ ತರಬೇತುದಾರ ಗುಹೆಯೊಳಗೆ ಹೋದರು. ಹಿಂದೆಯೇ ಮಳೆನೀರು ತುಂಬಿಕೊಂಡಿತು. ಜುಲೈ 2ರಂದು ಬ್ರಿಟನ್ನಿನ ಇಬ್ಬರು ಗುಹಾ ಮುಳುಗುಗಾರರಿಗೆ ಅವರು ಕಾಣಿಸಿದ್ದು ಬಾಗಿಲಿನಿಂದ ಸುಮಾರು 4 ಕಿ.ಮೀ. ಒಳಗೆ. ಆಗ ಅಲ್ಲೂ ವಾಗ್ವಾದವೆದ್ದಿತು. ಮಳೆಗಾಲ ಮುಗಿಯುವ ತನಕ, ಅಂದರೆ ನಾಲ್ಕು ತಿಂಗಳು, ಒಳಗೇ ಅನ್ನ-ನೀರು ಕೊಟ್ಟು ಕಾಯುವುದೇ? ಬೆಟ್ಟದ ಮೇಲಿನಿಂದ ಕೊರೆಯುವುದೇ? ಮುಳುಗಿ ಈಜುವ ಅಭ್ಯಾಸವಿಲ್ಲದ ಮಕ್ಕಳನ್ನು ಕೆಸರುನೀರಿನಡಿ ತರುವುದೇ? ಮಕ್ಕಳಿದ್ದ ಕೋಣೆಯಲ್ಲಿ ಆಮ್ಲಜನಕ ಶೇ. 21ರಿಂದ 15ಕ್ಕೆ ಇಳಿದಿತ್ತು, ಮತ್ತೆ ದೊಡ್ಡ ಮಳೆ ಬರುವ ಮುನ್ಸೂಚನೆ ಇತ್ತು. ತೀರ್ಮಾನ ಮಾಡಿಸಿದ್ದು ಈ ಎರಡು ಸಂಗತಿ. ಜುಲೈ 8ರಂದು 4, 9ರಂದು 4, 10ರಂದು 5 ಮಂದಿ ಹೊರಬಂದರು. ಮಕ್ಕಳು ಗಾಬರಿಯಾಗದಂತೆ ಅರಿವಳಿಕೆ ಕೊಟ್ಟು, ಮುಖಕ್ಕೆ ಉಸಿರಾಟದ ಮುಖವಾಡ ಬಿಗಿದು ತಂದರು. ದಾರಿಯಲ್ಲಿ ಸಿಲಿಂಡರ್ ಇಟ್ಟು ಮರಳುತ್ತಿದ್ದ ಥಾಯ್ ನೌಕಾಪಡೆಯ ಮಾಜಿ ಮುಳುಗುಗಾರ ಸಮನ್ ಕುನನ್ ಜುಲೈ 6ರಂದು ತೀರಿಕೊಂಡಿದ್ದರು.

ಇಡೀ ಕಾರ್ಯಾಚರಣೆಗೆ 10,000ಕ್ಕೂ ಹೆಚ್ಚು ಜನ. ಬದುಕಿದವರು 13. ಭಾಗಿಸಿ ನೋಡಿದರೆ ಒಂದು ಜೀವಕ್ಕೆ ಸುಮಾರು 770 ಜನ. ಗುಹೆಯಿಂದ ಹೊರಚೆಲ್ಲಿದ ನೀರು 100 ಕೋಟಿ ಲೀಟರಿಗೂ ಹೆಚ್ಚು, ಅಂದರೆ ಒಂದು ಜೀವಕ್ಕೆ 7.7 ಕೋಟಿ ಲೀಟರ್. ಆ ನೀರಿಗೆ ಕೆಳಗಿನ ರೈತರ ಗದ್ದೆಗಳು ಮುಳುಗಿದವು. ಪರಿಹಾರ ಬೇಡವೆಂದ ರೈತರೂ ಅವರಲ್ಲಿದ್ದರು. ನಮ್ಮ ದೇಶದ ಕಿರ್ಲೋಸ್ಕರ್ ಬಳಗದ ಪಂಪು ತಜ್ಞರೂ ಅಲ್ಲಿಗೆ ಹೋಗಿದ್ದರು.

ಅದೇ ವರ್ಷದ ಡಿಸೆಂಬರ್ 13ರಂದು ಮೇಘಾಲಯದ ಕ್ಸಾನ್ ಎಂಬಲ್ಲಿ ಇಲಿಬಿಲದಂಥ ಕಲ್ಲಿದ್ದಲು ಗಣಿಗೆ ಲೈಟೈನ್ ನದಿಯ ನೀರು ನುಗ್ಗಿ 15 ಕಾರ್ಮಿಕರು ಸಿಕ್ಕಿಕೊಂಡರು. ಬಾವಿಯ ಆಳ ಸುಮಾರು 370 ಅಡಿ. ಮೊದಲಿಗೆ ಅಲ್ಲಿದ್ದದ್ದು 25 ಅಶ್ವಶಕ್ತಿಯ ಎರಡು ಪಂಪು. ಬೇಕಾಗಿದ್ದದ್ದು 100 ಅಶ್ವಶಕ್ತಿಯ ಕನಿಷ್ಠ ಹತ್ತು. ಅಂದರೆ 1,000 ಅಶ್ವಶಕ್ತಿ ಬೇಕಿದ್ದ ಕಡೆ 50. ದೊಡ್ಡ ಪಂಪುಗಳು ಸ್ಥಳಕ್ಕೆ ತಲುಪುವ ಹೊತ್ತಿಗೆ ಎರಡು ವಾರ ಕಳೆದಿತ್ತು. ಒಬ್ಬರೂ ಜೀವಂತ ಸಿಗಲಿಲ್ಲ.

ಅದೇ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಸುವರ್ಣ ತ್ರಿಭುಜ ಬೋಟು 7 ಮೀನುಗಾರರೊಂದಿಗೆ ಹೊರಟಿತ್ತು. 15ರ ನಂತರ ಅದರ ಸುಳಿವಿಲ್ಲ. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಮಲ್ಪೆಯಿಂದ ನಡೆದು ಬಂದು ಹೆದ್ದಾರಿ ತಡೆದರು. ನೌಕಾಪಡೆಯ ನಿರೀಕ್ಷಕ್ ಹಡಗಿಗೆ ಮಹಾರಾಷ್ಟ್ರದ ಮಾಲ್ವಣ ತೀರದಿಂದ ಸುಮಾರು 33 ಕಿ.ಮೀ. ದೂರದಲ್ಲಿ, 60 ಮೀಟರಿನಷ್ಟು ಆಳದಲ್ಲಿ ಬೋಟಿನ ಅವಶೇಷ ಕಂಡದ್ದು ಮೇ ತಿಂಗಳಲ್ಲಿ, ನಾಲ್ಕೂವರೆ ತಿಂಗಳ ಮೇಲೆ. 60 ಮೀಟರ್ ಆಳದಲ್ಲಿ ಮೈಮೇಲೆ ಬೀಳುವ ಒತ್ತಡ ನೆಲದ ಮೇಲಿನದರ ಏಳು ಪಟ್ಟು. ಅಲ್ಲಿಗೆ ಸಾಮಾನ್ಯ ಸ್ಕೂಬಾ ಮುಳುಗುಗಾರ ಇಳಿಯಲಾರ, ಸೋನಾರ್ ಇರುವ ವಿಶೇಷ ಹಡಗೇ ಬೇಕು.

ನಮ್ಮ ಉಡುಪಿ ಜಿಲ್ಲೆಯಲ್ಲಿ ಥಾಮ್ ಲುವಾಂಗ್‌ನಂಥ ಗುಹೆಗಳಿಲ್ಲ. ಅಂಥವು ಸುಣ್ಣಕಲ್ಲು ನೀರಿಗೆ ಕರಗಿ ಆಗುವವು. ಕಾರ್ಕಳದ್ದು ಕಗ್ಗಲ್ಲು, ಕಾಪು-ಉಡುಪಿಯ ಬಯಲಿನದ್ದು ಕೆಂಪುಕಲ್ಲು. ಆದರೆ ಮನುಷ್ಯರೇ ತೋಡಿ ಬಿಟ್ಟ ಕೋರೆಗಳಿವೆ. ವರ್ಷಕ್ಕೆ 4,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಅವು ಜೂನ್ ಕಳೆಯುವಷ್ಟರಲ್ಲಿ ತುಂಬುತ್ತವೆ. ಬದಿ ನೆಟ್ಟಗೆ ಕಡಿದದ್ದು, ಕಾಲಿಡಲು ಮೆಟ್ಟಿಲಿಲ್ಲ, ತಳ ಕಾಣಿಸದು. ಈಜಲು ಇಳಿದ ಶಾಲಾಮಕ್ಕಳಿಗೂ ಬಟ್ಟೆ ಒಗೆಯಲು ಹೋದವರಿಗೂ ಇದು ಬಲೆ.

100 ಮೀಟರ್ ಉದ್ದ, 50 ಮೀಟರ್ ಅಗಲ, 15 ಮೀಟರ್ ಆಳದ ಒಂದು ಕೋರೆಯನ್ನು ಊಹಿಸಿ ಲೆಕ್ಕ ಹಾಕೋಣ. ಅದರಲ್ಲಿ 75,000 ಘನ ಮೀಟರ್, ಅಂದರೆ ಏಳೂವರೆ ಕೋಟಿ ಲೀಟರ್ ನೀರು. 25 ಅಶ್ವಶಕ್ತಿಯ ಪಂಪು 20 ಮೀಟರ್ ಎತ್ತರಕ್ಕೆ, ಶೇ. 60 ದಕ್ಷತೆಯಲ್ಲಿ, ಗಂಟೆಗೆ 2 ಲಕ್ಷ ಲೀಟರಿನಷ್ಟು ಎತ್ತೀತು. ಹಗಲಿರುಳು ಓಡಿದರೂ ಕೋರೆ ಬರಿದಾಗಲು 15 ದಿನಕ್ಕೂ ಮೇಲೆ. ನಡುವೆ 100 ಮಿ.ಮೀ. ಮಳೆ ಬಿದ್ದು, ಸುತ್ತಲಿನ 5 ಹೆಕ್ಟೇರ್ ನೆಲದ ಅರ್ಧದಷ್ಟು ನೀರು ಒಳಗೆ ಹರಿದರೆ ಮತ್ತೆ 25 ಲಕ್ಷ ಲೀಟರ್ ಸೇರುತ್ತದೆ. ಪಂಪಿನ ಹನ್ನೆರಡು ಗಂಟೆಯ ದುಡಿಮೆ ಅಲ್ಲಿಗೆ ಹೋಯಿತು. ಅದೇ 1,000 ಅಶ್ವಶಕ್ತಿ ಇದ್ದರೆ ಕೆಲಸ ಒಂಬತ್ತು ಗಂಟೆಯದು. ಹಾಗಿದ್ದೂ ಮುಳುಗಿದವನಿಗೆ ಇರುವುದು ನಿಮಿಷಗಳ ಆಯುಷ್ಯ. ಒಂಬತ್ತು ಗಂಟೆಯೂ ಅವನಿಗೆ ಉಪಯೋಗಕ್ಕಿಲ್ಲ.

ಈಗ ಬೇಲಿಯ ಲೆಕ್ಕ. ಅದೇ ಕೋರೆಯ ಸುತ್ತಳತೆ 300 ಮೀಟರ್. ಮೀಟರಿಗೆ ಸಾವಿರ ರೂಪಾಯಿ ಹಿಡಿದರೂ 3 ಲಕ್ಷ. ಪ್ರಕೃತಿ ವಿಕೋಪದ ಒಂದು ಸಾವಿಗೆ ಕೇಂದ್ರದ ನಿಯಮದಂತೆ ಸಿಗುವ 4 ಲಕ್ಷ ಪರಿಹಾರಕ್ಕಿಂತ ಇದು ಕಡಿಮೆ. ಕೆಲಸ ನಿಂತ ಕೋರೆಗೆ ಬೇಲಿ ಹಾಕಬೇಕೆಂಬುದು ಹೊಸ ಬೇಡಿಕೆಯೂ ಅಲ್ಲ, ಗಣಿ ನಿಯಮಗಳಲ್ಲೇ ಇದೆ.

ಕೊಲ್ಲೂರಿನ ಅರಿಶಿನಗುಂಡಿ ಜಲಪಾತದಲ್ಲಿ 2023ರ ಜುಲೈ 23ರಂದು ಭದ್ರಾವತಿಯ ತರುಣನೊಬ್ಬ ಬಂಡೆಯಿಂದ ಜಾರಿ ಬಿದ್ದ ಪ್ರಕರಣವನ್ನೂ ಇದರ ಜೊತೆಗಿಟ್ಟು ನೋಡಬೇಕು. ಮುಳುಗುಗಾರರು, ಬಂಡೆ ಏರುವುದರಲ್ಲಿ ಹೆಸರಾದ ಚಿತ್ರದುರ್ಗದ ಜ್ಯೋತಿರಾಜ್, ಅಗ್ನಿಶಾಮಕ ದಳ ಎಲ್ಲರೂ ಹುಡುಕಿದರು. ಶವ ಸಿಕ್ಕಿದ್ದು ಜುಲೈ 30ರಂದು, ಬಿದ್ದ ಜಾಗದಿಂದ ಸುಮಾರು 200 ಮೀಟರ್ ಕೆಳಗೆ. ಏಳು ದಿನ, 200 ಮೀಟರ್. ಧುಮ್ಮಿಕ್ಕುವ ನೀರಿನಲ್ಲಿ ಬಂಡೆಗಳ ಸಂದಿಯನ್ನು ಹುಡುಕುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮಳೆಗಾಲದಲ್ಲಿ ಜಲಪಾತದ ದಾರಿ ಮುಚ್ಚುವುದನ್ನು ಪ್ರವಾಸಿಗರ ಹಕ್ಕಿನ ಪ್ರಶ್ನೆ ಎನ್ನುವವರು ಈ ಎರಡು ಅಂಕಿಯನ್ನು ನೋಡಬೇಕು.

ಮಣಿಪಾಲದಲ್ಲಿ 2,000ಕ್ಕೂ ಹೆಚ್ಚು ಹಾಸಿಗೆಯ ಕಸ್ತೂರ್ಬಾ ಆಸ್ಪತ್ರೆ ಇದೆ. ಕಾಪುವಿನಿಂದಲೂ ಕಾರ್ಕಳದಿಂದಲೂ ಆಂಬುಲೆನ್ಸ್ ಒಂದು ಗಂಟೆಯೊಳಗೆ ಅಲ್ಲಿಗೆ ತಲುಪುತ್ತದೆ. ನೀರಿನಿಂದ ಮೇಲೆ ಬಂದವನನ್ನು ಉಳಿಸುವ ಶಕ್ತಿ ಈ ಜಿಲ್ಲೆಗೆ ಇದೆ. ನೀರಿನಿಂದ ಮೇಲೆ ತರುವ ಕೊಂಡಿಯೇ ದುರ್ಬಲ. ಕರ್ನಾಟಕಕ್ಕೆ ಹೊಣೆಯಾದ, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) 10ನೇ ಬೆಟಾಲಿಯನ್ನಿನ ಮೂಲ ನೆಲೆ ಆಂಧ್ರದ ವಿಜಯವಾಡ ಸಮೀಪ. ಮಳೆಗಾಲಕ್ಕೆ ಒಂದು ತುಕಡಿ ಕರಾವಳಿಗೆ ಬರುತ್ತದೆ ನಿಜ, ಆದರೆ ಕಾಪುವಿನ ಟಗ್ ಸಿಕ್ಕಿಬಿದ್ದದ್ದು ಮೇ ನಡುವಿನಲ್ಲಿ, ಸುವರ್ಣ ತ್ರಿಭುಜ ಮುಳುಗಿದ್ದು ಡಿಸೆಂಬರಿನಲ್ಲಿ. ಎರಡೂ ಮಳೆಗಾಲದ ಹೊರಗೆ.

ಆದ್ದರಿಂದ ಜಿಲ್ಲಾಡಳಿತದ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಮಲ್ಪೆಯಲ್ಲಿ ವರ್ಷವಿಡೀ ಇರುವ, ಸೋನಾರ್ ಮತ್ತು ಭಾರೀ ಪಂಪುಗಳಿರುವ ಜಲರಕ್ಷಣಾ ತಂಡ ಬೇಕು. ಜಿಲ್ಲೆ ಕರೆದಾಗಲೆಲ್ಲ ಓಡಿಬರುವ ಮುಳುಗುಗಾರರಿಗೆ ಸರ್ಕಾರದ ಖರ್ಚಿನಲ್ಲಿ ಜೀವವಿಮೆ ಮತ್ತು ಉಸಿರಾಟದ ಸಲಕರಣೆ ಬೇಕು. ಕಾರ್ಕಳ ತಾಲ್ಲೂಕಿನಿಂದ ಶುರುಮಾಡಿ, ಕೆಲಸ ನಿಂತ ಪ್ರತಿಯೊಂದು ಕೋರೆಯ ಉದ್ದ, ಅಗಲ, ಆಳ, ಬೇಲಿ ಇದೆಯೋ ಇಲ್ಲವೋ ಎಂಬ ಪಟ್ಟಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕಾಣಬೇಕು. ಓದುಗರೇ, ನಿಮ್ಮೂರಿನ ಗ್ರಾಮಸಭೆ ನಡೆಯುವಾಗ ಆ ಪಟ್ಟಿ ಎಲ್ಲಿ ಎಂದು ಎದ್ದುನಿಂತು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.