ಬಿಸಿಲಿಗೊಡ್ಡಿದ ಹಲಗೆಗೆ ಬಣ್ಣದ ಕೊಡೆ

ಅಮೆರಿಕದಲ್ಲಿ ನೆಲೆಸಿರುವ ಮಗನ ಅಥವಾ ಮಗಳ ಮನೆಗೆ ಹೋಗಿಬಂದ ನಮ್ಮ ಹಿರಿಯರಿಗೆ ‘ಡೆಕ್’ ಹೊಸದೇನಲ್ಲ. ಮನೆಯ ಹಿಂಬಾಗಿಲಿಗೆ ಹೊಂದಿಕೊಂಡು, ನೆಲದಿಂದ ತುಸು ಎತ್ತರದಲ್ಲಿ, ಹಲಗೆಗಳನ್ನು ಸಾಲಾಗಿ ಜೋಡಿಸಿ ಕಟ್ಟಿದ ಬಯಲು ಜಗಲಿ ಅದು. ದೊಡ್ಡವರಿಗೆ ಸಂಜೆಯ ಕಾಫಿ ಅಲ್ಲೇ, ಮಕ್ಕಳಿಗೆ ಆಟವೂ ಅಲ್ಲೇ. ನಮ್ಮ ಜಗಲಿಗೆ ಮಾಡಿನ ನೆರಳುಂಟು. ಡೆಕ್ಕಿಗೆ ಆಕಾಶವೇ ಮಾಡು. ಬಿಸಿಲು, ಮಳೆ, ಹಿಮ ಎಲ್ಲವೂ ನೇರವಾಗಿ ಅದರ ಬೆನ್ನ ಮೇಲೆಯೇ ಬೀಳುತ್ತವೆ. ಆದ್ದರಿಂದಲೇ ಎರಡು ಮೂರು ವರ್ಷಕ್ಕೊಮ್ಮೆ ಅನೇಕರು ರಜೆಯ ದಿನ ತಾವೇ ಬ್ರಷ್ ಹಿಡಿದು ಅದಕ್ಕೆ ‘ಸ್ಟೇನ್’ ಎಂಬ ಬಣ್ಣದ ದ್ರವ ಬಳಿಯುತ್ತಾರೆ.

ಇದು ಬರೀ ಅಂದಕ್ಕಾಗಿ ಮಾಡುವ ಕೆಲಸವೆಂದು ತಿಳಿದವರು ಅಂಗಡಿಯಲ್ಲಿ ಚೆಂದ ಕಾಣುವ ಡಬ್ಬಿಯನ್ನು ಆರಿಸುತ್ತಾರೆ, ಮರುವರ್ಷವೇ ಪರಿತಪಿಸುತ್ತಾರೆ. ಸ್ಟೇನ್ ಮರಕ್ಕೆ ಉಡುಗೆಯಲ್ಲ, ಕೊಡೆ. ಮಳೆಗೆ ಹಿಡಿದ ಕೊಡೆ ಮಾತ್ರವಲ್ಲ, ಬಿಸಿಲಿಗೆ ಹಿಡಿದ ಕೊಡೆಯೂ ಹೌದು.

ಬಿಸಿಲು ಮಾಡುವ ಹಾನಿ

ಮರದ ನಾರುಗಳು ಮುಖ್ಯವಾಗಿ ಸೆಲ್ಯುಲೋಸ್ ಎಂಬ ವಸ್ತುವಿನಿಂದ ಆದವು. ಅವನ್ನು ಗಾರೆಯಂತೆ ಬೆಸೆದು ಹಿಡಿದಿರುವುದು ಲಿಗ್ನಿನ್. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಈ ಲಿಗ್ನಿನ್ನನ್ನೇ ಒಡೆಯುತ್ತವೆ. ಒಡೆದ ಚೂರುಗಳನ್ನು ಮಳೆ ತೊಳೆದುಬಿಡುತ್ತದೆ. ಉಳಿದ ನಾರು ಬೂದುಬಣ್ಣ ತಾಳುತ್ತದೆ, ಅದರ ಮೇಲೆ ಬೂಷ್ಟು ಕೂತು ಇನ್ನಷ್ಟು ಕಪ್ಪಾಗುತ್ತದೆ. ಹಳೆಯ ಬೇಲಿಗೂಟ, ಎತ್ತಿನಗಾಡಿಯ ನೊಗ ಬೂದಿಯ ಬಣ್ಣಕ್ಕೆ ತಿರುಗುವುದೂ ಇದೇ ಕಾರಣಕ್ಕೆ.

ಈ ಸವೆತ ನಿಧಾನದ್ದು. ಪೈನ್‌ನಂಥ ಮೆದು ಮರ ಕೂಡ ನೂರು ವರ್ಷದಲ್ಲಿ ಸುಮಾರು 6 ಮಿಲಿಮೀಟರಿನಷ್ಟೇ ಸವೆಯುತ್ತದೆ. ನಿಜವಾದ ಕೇಡು ನಂತರ ಬರುತ್ತದೆ. ನೀರು ಕುಡಿದ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹಿಗ್ಗಿ ಕುಗ್ಗಿ ಕೊನೆಗೆ ಸೀಳು ಬಿಡುತ್ತದೆ. ಆ ಸೀಳಿನಲ್ಲಿ ನೀರು ನಿಂತರೆ ಶಿಲೀಂಧ್ರಕ್ಕೆ ಮನೆ ಮಾಡಿಕೊಟ್ಟಂತೆ. ಮರದ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿರುವವರೆಗೆ ಶಿಲೀಂಧ್ರ ಅದನ್ನು ಕೊಳೆಸಲಾರದು. ತೇವ ಬಹುಕಾಲ ಅದನ್ನು ಮೀರಿ ನಿಂತರೆ ಕೊಳೆತಕ್ಕೆ ದಾರಿಯಾಗುತ್ತದೆ.

ಆಯ್ಕೆ ಹೇಗೆ?

ಮರದ ಸಹಜ ಬಣ್ಣ ಹಾಗೆಯೇ ಕಾಣಲೆಂದು ಬಯಸುವವರು ಬಣ್ಣವಿಲ್ಲದ ತಿಳಿ ದ್ರವ ಕೊಳ್ಳುತ್ತಾರೆ. ಅದು ನೀರನ್ನು ತಡೆದೀತು, ಆದರೆ ಬಿಸಿಲನ್ನು ತಡೆಯುವುದು ಅಷ್ಟಕ್ಕಷ್ಟೆ. ಬಿಸಿಲನ್ನು ತಡೆಯುವುದು ದ್ರವದಲ್ಲಿ ತೇಲುವ ಬಣ್ಣದ ಪುಡಿ. ನಮ್ಮ ಕೆಮ್ಮಣ್ಣಿಗೆ ಕೆಂಪು ಕೊಡುವ ಕಬ್ಬಿಣದ ಆಕ್ಸೈಡೇ ಇಂಥ ಪುಡಿಗಳಲ್ಲಿ ಮುಖ್ಯವಾದದ್ದು.

ಹಾಗಾದರೆ ದಪ್ಪನೆಯ ಪೇಂಟ್ ಅಥವಾ ವಾರ್ನಿಷ್ ಏಕಾಗಬಾರದು? ಅವು ಮರದ ಮೇಲೆ ಪೊರೆಯಾಗಿ ನಿಲ್ಲುತ್ತವೆ. ಗೋಡೆಗೆ ಅದು ಸರಿ. ಜನ ಓಡಾಡುವ, ನೀರು ನಿಲ್ಲುವ, ಹಿಗ್ಗಿ ಕುಗ್ಗುವ ಹಲಗೆಯ ಮೇಲೆ ಪೊರೆ ಬಿರುಕು ಬಿಡುತ್ತದೆ. ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲು ಹಾದಿ ಕಾಣದೆ ಪೊರೆಯನ್ನು ಎಬ್ಬಿಸುತ್ತದೆ. ಮುಂದಿನ ಸಲ ಹಚ್ಚುವ ಮುನ್ನ ಹಳೆಯದನ್ನೆಲ್ಲ ಕೆರೆದು ತೆಗೆಯಬೇಕಾದ ಶಿಕ್ಷೆ ಬೇರೆ!

ಇವೆರಡರ ನಡುವಿನದು ಅರೆಪಾರದರ್ಶಕ ಸ್ಟೇನ್. ಅದರಲ್ಲಿ ಬಣ್ಣದ ಪುಡಿಯೂ ಇದೆ, ಮರದ ಎಳೆಯೂ ಮರೆಯಾಗುವುದಿಲ್ಲ. ಪೊರೆಗಟ್ಟದೆ ಮರದೊಳಕ್ಕೆ ಇಂಗುವ ಎಣ್ಣೆ ಆಧಾರಿತ ಬಗೆಯಾದರೆ ಸುಲಿಯುವ ಭಯವಿಲ್ಲ, ಸವೆಯುತ್ತದೆ ಅಷ್ಟೇ. ಎರಡು ಮೂರು ವರ್ಷದ ನಂತರ ತೊಳೆದು, ಒಣಗಿಸಿ ಮತ್ತೆ ಹಚ್ಚಿದರಾಯಿತು.

ಡೆಹರಾಡೂನಿನ ನಂಟು

ಅಮೆರಿಕದ ಡೆಕ್ಕಿಗೂ ಭಾರತಕ್ಕೂ ಒಂದು ಹಳೆಯ ನಂಟಿದೆ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಎಂಬ ವಿಜ್ಞಾನಿ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿದ ಮರ ಸಂರಕ್ಷಕವೊಂದನ್ನು ಕಂಡುಹಿಡಿದರು. ಅದನ್ನು ಒತ್ತಡದಲ್ಲಿ ಮರದೊಳಕ್ಕೆ ತುಂಬಿದರೆ ಗೆದ್ದಲೂ ಶಿಲೀಂಧ್ರವೂ ಹತ್ತಿರ ಸುಳಿಯುತ್ತಿರಲಿಲ್ಲ. ತುಸು ಹಸಿರು ಛಾಯೆಯ ಈ ಮರವೇ ಹಲವು ದಶಕ ಅಮೆರಿಕದ ಹಿತ್ತಲುಗಳನ್ನು ಆಳಿತು.

ಆದರೆ ಆರ್ಸೆನಿಕ್ ವಿಷ. ಮಕ್ಕಳು ಕೈಯೂರಿ ಆಡುವ ಜಾಗದಲ್ಲಿ ಅದು ಬೇಡವೆಂಬ ಕಾಳಜಿಯಿಂದ 2003ರ ಕೊನೆಗೆ ಅಲ್ಲಿ ಮನೆಗಳ ಬಳಕೆಗೆ ಇಂಥ ಮರ ತಯಾರಿಸುವುದನ್ನು ನಿಲ್ಲಿಸಲಾಯಿತು. ಅದಕ್ಕೂ ಹಿಂದೆ ಕಟ್ಟಿದ ಡೆಕ್ ಇರುವ ಮನೆಯವರು ಒಂದು ಮಾತು ನೆನಪಿಡಬೇಕು: ಆ ಹಲಗೆಯನ್ನು ಉಜ್ಜಿ ದೂಳೆಬ್ಬಿಸಬಾರದು, ಚೂರುಗಳನ್ನು ಒಲೆಗೆ ಹಾಕಬಾರದು. ಅಂಥ ಮರಕ್ಕೆ ಕಾಲಕಾಲಕ್ಕೆ ಇಂಗುವ ಸ್ಟೇನ್ ಹಚ್ಚುತ್ತಿದ್ದರೆ ವಿಷ ಕೈಗೆ ತಾಗುವುದು ಕಡಿಮೆಯಾದೀತು.

ಹಚ್ಚುವ ಕ್ರಮ

ಅರ್ಧಕ್ಕಿಂತ ಹೆಚ್ಚು ಕೆಲಸ ಡಬ್ಬಿ ತೆರೆಯುವ ಮೊದಲೇ ಇದೆ. ಮೊದಲು ಕಸ ಗುಡಿಸಿ, ಮರಕ್ಕೆಂದೇ ಸಿಗುವ ಮಾರ್ಜಕದಿಂದ ಉಜ್ಜಿ ತೊಳೆಯಬೇಕು. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ನಾರನ್ನು ಕೆಡಿಸುತ್ತದೆ, ಅದು ಬೇಡ. ಎರಡು ಮೂರು ದಿನ ಒಣಗಿಸಿದ ಮೇಲೆ, ವಿಷ ತುಂಬಿದ ಹಳೆಯ ಹಲಗೆಯಲ್ಲವೆಂದು ಖಚಿತವಾದರೆ, 60ರಿಂದ 80ನೇ ನಂಬರಿನ ಉಪ್ಪುಕಾಗದದಲ್ಲಿ ಎಳೆಯ ಉದ್ದಕ್ಕೆ ಉಜ್ಜಬೇಕು. ಇನ್ನೂ ನಯವಾದ ಕಾಗದ ಬಳಸಿದರೆ ಮೈ ಕನ್ನಡಿಯಂತಾಗಿ ಸ್ಟೇನ್ ಒಳಗಿಳಿಯುವುದಿಲ್ಲ.

ಮರ ಸಿದ್ಧವಾಯಿತೇ ಎಂದು ತಿಳಿಯಲು ನಾಲ್ಕು ಹನಿ ನೀರು ಸಾಕು. ಹನಿ ಬೇಗನೆ ಇಂಗಿದರೆ ಮರ ಸ್ಟೇನನ್ನೂ ಕುಡಿಯುತ್ತದೆ. ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತರೆ ಇನ್ನೂ ತಡೆಯಬೇಕು.

ಬೇಕಾಗುವ ಪ್ರಮಾಣವನ್ನು ಶಾಲೆಯ ಮಕ್ಕಳೇ ಲೆಕ್ಕ ಹಾಕಬಹುದು. ಡೆಕ್ 5 ಮೀಟರ್ ಉದ್ದ, 4 ಮೀಟರ್ ಅಗಲವಿದ್ದರೆ ವಿಸ್ತೀರ್ಣ 20 ಚದರ ಮೀಟರ್. ಲೀಟರಿಗೆ 5 ಚದರ ಮೀಟರ್ ಎಂದು ಡಬ್ಬಿಯ ಮೇಲೆ ಬರೆದಿದ್ದರೆ 4 ಲೀಟರ್ ಬೇಕು. ಒಣಗಿದ ಹಳೆಯ ಮರ ಹೆಚ್ಚು ಕುಡಿಯುವುದರಿಂದ ಸ್ವಲ್ಪ ಜಾಸ್ತಿಯೇ ಇರಲಿ.

ಮೋಡ ಮುಸುಕಿದ, ಆದರೆ ಮಳೆಯ ಸೂಚನೆಯಿಲ್ಲದ ದಿನ ಉತ್ತಮ. ಸುಡುಬಿಸಿಲಿನಲ್ಲಿ ಹಚ್ಚಿದರೆ ಇಂಗುವ ಮೊದಲೇ ಮೇಲೆ ಒಣಗಿಬಿಡುತ್ತದೆ. ಪುಡಿ ತಳಕ್ಕಿಳಿಯುವುದರಿಂದ ಡಬ್ಬಿಯನ್ನು ಆಗಾಗ ಕಲಕುತ್ತಿರಬೇಕು. ಒಂದು ಸಲಕ್ಕೆ ಎರಡು ಮೂರು ಹಲಗೆ ಮಾತ್ರ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ನಿಲ್ಲಿಸದೆ ಬಳಿಯಬೇಕು. ನಡುವೆ ಬಿಟ್ಟು ಚಹಾಕ್ಕೆ ಹೋದರೆ ಅಲ್ಲಿ ಕಲೆ ಮೂಡುತ್ತದೆ. ಗರಗಸದಲ್ಲಿ ಕೊಯ್ದ ತುದಿಗಳು ನೀರನ್ನು ಬಹಳವಾಗಿ ಹೀರುತ್ತವೆ, ಅಲ್ಲಿಗೆ ಧಾರಾಳವಾಗಿ ಹಚ್ಚಬೇಕು. ಕಾಲು ಗಂಟೆಯ ನಂತರವೂ ಮೇಲೆ ನಿಂತ ಸ್ಟೇನನ್ನು ಬಟ್ಟೆಯಿಂದ ಒರೆಸಿಬಿಡಬೇಕು. ಹೆಚ್ಚು ಹಚ್ಚಿದರೆ ಹೆಚ್ಚು ಬಾಳಿಕೆ ಎಂಬುದು ತಪ್ಪು ಎಣಿಕೆ. ಮರ ಕುಡಿದಷ್ಟೇ ಪ್ರಯೋಜನ, ಉಳಿದದ್ದು ಅಂಟು.

ಒರೆಸಿದ ಬಟ್ಟೆಯಲ್ಲಿ ಬೆಂಕಿ

ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅಪಾಯ. ಎಣ್ಣೆ ಆಧಾರಿತ ಎಷ್ಟೋ ಸ್ಟೇನ್‌ಗಳಲ್ಲಿ ಅಗಸೆ ಎಣ್ಣೆಯಂಥ ‘ಒಣಗುವ ಎಣ್ಣೆ’ ಇರುತ್ತದೆ. ಅದು ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಆಗ ಶಾಖ ಹುಟ್ಟುತ್ತದೆ. ಹರವಿದ ಬಟ್ಟೆಯಲ್ಲಿ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆಯೊಳಗೆ ಅದು ಕೂಡಿಕೊಳ್ಳುತ್ತಾ ಹೋಗಿ, ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು. 1991ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯದ ಬಹುಮಹಡಿ ಕಟ್ಟಡವೊಂದು ಹೊತ್ತಿ ಉರಿದದ್ದು, ಮರದ ಕೆಲಸಕ್ಕೆ ಬಳಸಿ ಬಿಟ್ಟಿದ್ದ ಅಗಸೆ ಎಣ್ಣೆಯ ಬಟ್ಟೆಗಳಿಂದ. ಅಗ್ನಿಶಾಮಕ ದಳದ ಮೂವರು ಪ್ರಾಣ ತೆತ್ತರು. ಬಟ್ಟೆಯನ್ನು ಬಯಲಿನಲ್ಲಿ ಒಂದೊಂದಾಗಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಬೇಕು.

ನಮ್ಮ ಬಾಗಿಲು, ಗೇಟಿಗೆ

ನಮ್ಮಲ್ಲಿ ಡೆಕ್ ಅಪರೂಪವಾದರೂ ಬಿಸಿಲಿಗೆ ಮುಖಮಾಡಿದ ಮುಂಬಾಗಿಲು, ಕಿಟಕಿ, ಮರದ ಗೇಟು, ತೋಟದ ಬೆಂಚು ಇದ್ದೇ ಇವೆ. ಅವಕ್ಕೂ ಇದೇ ನ್ಯಾಯ. ಅರಗಿನಿಂದ ಮಾಡುವ ಫ್ರೆಂಚ್ ಪಾಲಿಶ್ ಒಳಮನೆಯ ಕಪಾಟಿಗೆ ಸೊಗಸು. ಹೊರಗೆ ನೀರು ತಾಗಿದರೆ ಬೆಳ್ಳಗಾಗುತ್ತದೆ. ಕರಾವಳಿಯ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿಯ ಹಿಂದೆಯೂ ಮರಕ್ಕೆ ಇಂಗಿಸಿ ಕಾಯುವ ಇದೇ ಜಾಣ್ಮೆಯಿದೆ. ಆದರೆ ಆ ಎಣ್ಣೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ, ಮಕ್ಕಳ ಕೈಗೆ ಸಿಗಬಾರದು.

ಹಳೆಯ ಮನೆಯ ಬಾಗಿಲನ್ನು ಉಜ್ಜುವ ಮುನ್ನ ಇನ್ನೊಂದು ಎಚ್ಚರ. ಗೃಹೋಪಯೋಗಿ ಬಣ್ಣದಲ್ಲಿ ಸೀಸದ ಅಂಶವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪೇಂಟಿನಲ್ಲಿ ಸೀಸ ಹೆಚ್ಚಿರಬಹುದು. ಅದರ ದೂಳು ಮಕ್ಕಳ ಮಿದುಳಿಗೆ ಕೇಡು. ನೀರು ಚಿಮುಕಿಸಿ ಒದ್ದೆಯಲ್ಲಿಯೇ ಉಜ್ಜುವುದು, ಮಕ್ಕಳನ್ನು ದೂರವಿಡುವುದು, ಕೆಲಸ ಮುಗಿದ ಮೇಲೆ ನೆಲವನ್ನು ಗುಡಿಸದೆ ಒದ್ದೆಬಟ್ಟೆಯಲ್ಲಿ ಒರೆಸುವುದು ಕ್ಷೇಮ.

ಮಳೆಗಾಲ ಕಳೆದು ಮರ ಚೆನ್ನಾಗಿ ಒಣಗಿದ ದಿನಗಳು ಈ ಕೆಲಸಕ್ಕೆ ಹೇಳಿಮಾಡಿಸಿದವು. ದಸರಾ ರಜೆಯ ಕೊನೆಗೆ ಮಕ್ಕಳು ಮನೆಯ ಗೇಟಿನ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಲಿ. ಹನಿ ಗುಂಡಗೆ ನಿಂತರೆ ಕೊಡೆ ಇನ್ನೂ ಗಟ್ಟಿಯಾಗಿದೆ; ಸರ್ರನೆ ಇಂಗಿದರೆ ಬ್ರಷ್ ಹುಡುಕುವ ಕಾಲ ಬಂದಿದೆ.